ಸೊಪ್ಪಿನಡಿಯ ಟಿವಿಎಸ್

ಡೆಟ್ರಾಯಿಟ್ ಸುತ್ತಮುತ್ತಲಿನವರಿಗೆ ಕಾರು ಅಂದರೆ ಮನೆದೇವರು. ಹೆನ್ರಿ ಫೋರ್ಡ್ 1908ರಲ್ಲಿ ತನ್ನ ಮಾಡೆಲ್ ಟಿ ಕಾರನ್ನು ಲೋಕಕ್ಕೆ ಬಿಟ್ಟ ಊರಲ್ಲವೇ! ಹಾಗಾಗಿ ನಮ್ಮ ಬಡಾವಣೆಯ ಲೈಬ್ರರಿಯಲ್ಲಿ ಕ್ವಿಲ್ಟ್ ಹೊಲಿಯುವ ಹೆಂಗಸರು ಈ ಸಲ ‘ಮನೆಗೊಂದು ವಾಹನ’ ಎಂದು ನಿಶ್ಚಯಿಸಿದಾಗ ಯಾರೂ ಹುಬ್ಬೇರಿಸಲಿಲ್ಲ. ಒಬ್ಬೊಬ್ಬರೂ ತಮ್ಮ ಮನೆತನದ ಗಾಡಿಯನ್ನು ಒಂದು ಚೌಕದಲ್ಲಿ ಹೊಲಿದು ಕೊಡಬೇಕು, ಎಲ್ಲವನ್ನೂ ಕೂಡಿಸಿದರೆ ಒಂದು ಹೊದಿಕೆ. ನಮ್ಮ ಕೌದಿಯೇ ಅನ್ನಿ. ನಾವು ಹಳೇ ಸೀರೆ ಹರಿದು ಮಾಡುತ್ತೇವೆ, ಇವರು ದುಡ್ಡು ಕೊಟ್ಟು ಹೊಸ ಬಟ್ಟೆ ತಂದು ಚೂರು ಮಾಡುತ್ತಾರೆ.

ಅಳತೆಯಲ್ಲೇನೂ ತೊಡಕಿಲ್ಲ. ಹನ್ನೆರಡೂವರೆ ಇಂಚು ಕತ್ತರಿಸಿ, ಸುತ್ತ ಕಾಲು ಇಂಚು ಹೊಲಿಗೆಗೆ ಬಿಟ್ಟರೆ 12 ಇಂಚಿನ ಚೌಕ. ತೊಡಕಿದ್ದದ್ದು ಯಾವ ಗಾಡಿ ಎಂಬಲ್ಲಿ. ಮನೆಯ ವಾಟ್ಸಾಪ್ ಗುಂಪಿನಲ್ಲಿ ಕೇಳಿದೆ.

‘ರೈಲು ಹಾಕಮ್ಮ’ ಎಂದರು ಚಿಕ್ಕಬಳ್ಳಾಪುರದ ಚಿಕ್ಕಪ್ಪ. ಕೋಲಾರದಿಂದ ಚಿಂತಾಮಣಿ, ಶಿಡ್ಲಘಟ್ಟ ಹಾಯ್ದು ಬರುತ್ತಿದ್ದ, ಎರಡೂವರೆ ಅಡಿ ಹಳಿಯ ಪುಟ್ಟ ರೈಲು. ಅದು ನಿಂತು, 2013ರಲ್ಲಿ ಬ್ರಾಡ್‌ಗೇಜ್ ಆಗಿ ಮತ್ತೆ ಓಡತೊಡಗಿದರೂ ಚಿಕ್ಕಪ್ಪ ಈ ಹೊಸದನ್ನು ರೈಲೆಂದು ಒಪ್ಪಿಲ್ಲ. ‘ಯಾವ ಬಣ್ಣ ಇತ್ತು ಚಿಕ್ಕಪ್ಪಾ?’ ಅಂದೆ. ‘ಬಣ್ಣ ಯಾರು ನೋಡಿದ್ರು? ಕಾಲಿಡೋಕೆ ಜಾಗ ಇರ್ತಿರಲಿಲ್ಲ, ಬರೀ ಹಲಸಿನಹಣ್ಣು.’

ಗೌರಿಬಿದನೂರಿನ ನಮ್ಮ ಮಾವನವರದು ಎತ್ತಿನ ಗಾಡಿ. ಅಲ್ಲಿನ ಸಹಕಾರಿ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತು ಹೋಗುತ್ತಿದ್ದದ್ದು. ಮರದ ಚಕ್ರವೋ ಟೈರೋ ಎಂದರೆ, ‘ನಾವು ಜಲ್ಲೆ ಎಳೀತಿದ್ವಮ್ಮ, ಚಕ್ರ ಎಣಿಸ್ತಿರಲಿಲ್ಲ.’ ಚಿಂತಾಮಣಿಯಿಂದ ನನ್ನಮ್ಮ ಬಸ್ಸು ಎಂದಳು. ಎಂಥ ಬಸ್ಸು? ‘ಟಾಪಿನ ಮೇಲೆ ಕಡ್ಲೆಕಾಯಿ ಮೂಟೆ, ಮೂಟೆ ಮೇಲೆ ನಿಮ್ಮ ಸೋದರಮಾವ.’

ಆಗ ಗೊತ್ತಾಯಿತು. ನಮ್ಮ ಮನೆಯವರು ಯಾರೂ ಒಂದು ಗಾಡಿಯನ್ನೂ ಕಣ್ಣಿಟ್ಟು ನೋಡಿಲ್ಲ. ಅದರ ಮೇಲಿದ್ದ ಸಾಮಾನಂತೂ ಒಬ್ಬರಿಗೂ ಮರೆತಿಲ್ಲ. ಪಕ್ಕದ ಮನೆಯ ಅಜ್ಜಿಯ ಚೌಕ ನೋಡಿ: ತಿಳಿನೀಲಿ ಕಾರು, ಬೆಳ್ಳಿದಾರದ ಬಂಪರ್, ಒಳಗೆ ನರಪಿಳ್ಳೆ ಇಲ್ಲ. ‘ಡಿಕ್ಕಿಯಲ್ಲಿ ಏನಿಟ್ಟುಕೊಂಡು ಹೋಗ್ತಿದ್ರಿ?’ ಎಂದು ಕೇಳಿದೆ. ಬಹಳ ಯೋಚಿಸಿ, ‘ಸ್ಟೆಪ್ನಿ’ ಎಂದರು.

ಕೊನೆಗೆ ತೀರ್ಪು ಕೊಟ್ಟವರು ನಮ್ಮಲ್ಲಿಗೆ ಬಂದಿದ್ದ ಅತ್ತೆ. ಅವರ ತವರು ಶಿಡ್ಲಘಟ್ಟದ ಹತ್ತಿರ, ರೇಷ್ಮೆ ಮನೆ. ಗಾಡಿ ಟಿವಿಎಸ್ 50. 1980ರಲ್ಲಿ ಬಂದ ಈ ಮೊಪೆಡ್ಡನ್ನು ಕಂಪನಿಯವರು ಇಬ್ಬರು ಕೂರಲಿ ಎಂದು ಮಾಡಿದ್ದರು. ನಮ್ಮ ಕಡೆ ಒಬ್ಬ ಮನುಷ್ಯ, ಮಿಕ್ಕದ್ದೆಲ್ಲ ಹಿಪ್ಪುನೇರಳೆ ಸೊಪ್ಪು. ನಾಲ್ಕು ಜ್ವರ (ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಹಾಗನ್ನುತ್ತಾರೆ) ಕಳೆದೆದ್ದ ರೇಷ್ಮೆಹುಳುವಿನ ಹಸಿವು ಅಂಥದ್ದು. ಬದುಕಿನಲ್ಲಿ ತಿನ್ನುವುದರ ಬಹುಪಾಲನ್ನು ಆ ಕೊನೆಯ ವಾರದಲ್ಲೇ ತಿಂದು ಮುಗಿಸುತ್ತದೆ. ಅತ್ತೆಯ ನಿಶ್ಚಿತಾರ್ಥದ ದಿನ ಹುಳು ಅದೇ ಘಟ್ಟದಲ್ಲಿದ್ದವು. ಬಾಳೆಎಲೆ ತರಲು ಹೋದ ಟಿವಿಎಸ್ ಸೊಪ್ಪು ಹೊತ್ತುಕೊಂಡು ಬಂತು. ಬೀಗರು ಜಗಲಿಯಲ್ಲಿ ಕಾದರು, ಹುಳುಗಳದು ಮೊದಲ ಪಂಕ್ತಿಯಾಯಿತು. ‘ಅವತ್ತಿಂದ ಈ ಸಂಬಂಧದಲ್ಲಿ ನಂದು ಎರಡನೇ ಪಂಕ್ತೀನೇ’ ಎಂದು ಮಾವ ಇವತ್ತಿಗೂ ಗೊಣಗುತ್ತಾರೆ.

ಹೊಲಿಯಲು ಕುಳಿತೆ. ಕೆಳಗೆ ಎರಡು ಕಪ್ಪು ಚಕ್ರ, ಮುಂದೆ ಹೆಡ್‌ಲೈಟಿಗೆ ಒಂದು ಹಳದಿ ಗುಂಡಿ. ಮೇಲೆಲ್ಲ ಹಸಿರು ಬಟ್ಟೆಯ ಎಲೆಗಳು, ಒಂದರ ಮೇಲೊಂದು, ತುದಿ ಮಾತ್ರ ಬಿಟ್ಟು ತೊಟ್ಟಿನ ಕಡೆ ಟಾಕು. ಸವಾರನಿಗೆ ಜಾಗವೇ ಉಳಿಯದೆ ಅವನ ತಲೆಯ ಟವೆಲ್ಲನ್ನಷ್ಟೇ ಎಲೆಗಳ ನಡುವೆ ಸಿಕ್ಕಿಸಿದೆ.

ಅತ್ತೆ ಕನ್ನಡಕ ಹಾಕಿಕೊಂಡು ನೋಡಿದರು. ಅವರಿಗೆ ಕೋಪ ಬಂದರೆ ತೆಲುಗು ಬರುತ್ತದೆ. ಒಂದೆರಡು ಮಾತು ಅದರಲ್ಲಿ ಆದ ಮೇಲೆ ಕನ್ನಡಕ್ಕೆ ಇಳಿದರು: ‘ಇದು ಚಾಕಿ ಹುಳಕ್ಕೆ ಹಾಕೋ ಎಳೇ ಸೊಪ್ಪಲ್ವೇನಮ್ಮಾ? ದೊಡ್ಡ ಹುಳಕ್ಕೆ ಬಲಿತಿದ್ದು ಬೇಕು. ಬಿಚ್ಚು.’ ಬಿಚ್ಚಿ, ಕಡುಹಸಿರು ಬಟ್ಟೆ ತಂದು ಮತ್ತೆ ಹೊಲಿದೆ.

ಲೈಬ್ರರಿಯಲ್ಲಿ ಕೊಡುವಾಗ ಪಕ್ಕದ ಮನೆಯ ಅಜ್ಜಿ, ‘ಚೆನ್ನಾಗಿದೆ, ಪೊದೆ ಯಾಕೆ ರಸ್ತೆಗೆ ಬಂದಿದೆ?’ ಎಂದರು. ಜೊತೆಗೊಂದು ಚೀಟಿಯನ್ನೂ ತುಂಬಬೇಕಿತ್ತು. ವಾಹನದ ಹೆಸರು: ಟಿವಿಎಸ್ 50. ಊರು: ಶಿಡ್ಲಘಟ್ಟ. ಬಣ್ಣ?

‘ಹಸಿರು ಅಂತ ಬರಿ’ ಎಂದರು ಅತ್ತೆ.

‘ಅದು ಸೊಪ್ಪಿನ ಬಣ್ಣ ಅಲ್ವಾ ಅತ್ತೆ? ಗಾಡಿದು?’

‘ಸೊಪ್ಪಿಲ್ಲದೆ ಅದನ್ನ ನಾನ್ಯಾವತ್ತು ನೋಡಿದೀನಿ?’