ತಳಿಯಪ್ಪನವರು ಮರಿ ಕೊಡುವುದಿಲ್ಲ

ಟೆಕ್ಸಾಸಿನ ಹಿಲ್ ಕಂಟ್ರಿ ಎಂಬುದು ಸುಣ್ಣಕಲ್ಲು, ಕುರುಚಲು ಮತ್ತು ಮೇಕೆಗಳ ಸೀಮೆ. ತಳಿಯಪ್ಪನವರ ವಾಸ ಅಲ್ಲಿ. ಹೆಸರು ನಾನಿಟ್ಟದ್ದು, ತಂದೆತಾಯಿ ಇಟ್ಟದ್ದು ಬೇರೆ. ಟರ್ಕಿಯ ಸಿವಾಸ್ ಪ್ರಾಂತ್ಯದ ಕಂಗಾಲ್ ಎಂಬ ಕುರಿಗಾವಲು ನಾಯಿಯ ಮರಿ ಮಾಡಿಸಿ ಮಾರುವುದು ಇವರ ಕಸುಬು. ಮಾಡಿಸುವವರೆಗೆ ಎಲ್ಲ ಸರಿ. ಮಾರುವುದೆಂದರೆ ಪ್ರಾಣಸಂಕಟ. ಮರಿ ಕೊಡದಿರಲು ಕಾರಣ ಹುಡುಕುವುದರಲ್ಲೇ ಅವರ ದಿನದ ಬಹುಪಾಲು ಕಳೆಯುತ್ತದೆ.

ಇಂಥವರು ಇವರೊಬ್ಬರೇ ಅಲ್ಲ. ಅಪರೂಪದ ಕಾವಲುನಾಯಿ ಸಾಕುವವರೆಲ್ಲರ ಗೋತ್ರವೂ ಒಂದೇ. ಬಾಲ್ಕನ್ ಬೆಟ್ಟಗಳ ಷಾರ್‌ಪ್ಲಾನಿನಾಟ್ಸ್ ಸಾಕಿದವರು ಜೇಬಿನಿಂದ ಉತ್ತರ ಮ್ಯಾಸಿಡೋನಿಯದ ಒಂದು ದೆನಾರ್ ನಾಣ್ಯ ತೆಗೆದು, "ನಿಮ್ಮ ನಾಯಿ ಯಾವ ದೇಶದ ದುಡ್ಡಿನ ಮೇಲಿದೆ ಹೇಳಿ?" ಎಂದು ಸವಾಲು ಹಾಕುತ್ತಾರೆ. ಹಂಗೇರಿಯ ಕೊಮೊಂಡೋರ್ ಸಾಕಿದವರು ಮಾತಿಗೇ ಸಿಗುವುದಿಲ್ಲ. ನಾಯಿಗೆ ಸ್ನಾನ ಮಾಡಿಸಿ ಅದರ ಜಡೆ ಒಣಗಲೆಂದು ಕಾಯುತ್ತಿರುತ್ತಾರೆ.

ತಳಿಯಪ್ಪನವರ ಮನೆಗೆ ಹೋದರೆ ಕುಡಿಯಲು ಏನಾದರೂ ಬರುವ ಮೊದಲು 1972 ಬರುತ್ತದೆ. ಆ ವರ್ಷ ಅಧ್ಯಕ್ಷ ನಿಕ್ಸನ್ ಸರ್ಕಾರಿ ಜಮೀನುಗಳಲ್ಲಿ ಕಾಡುಪ್ರಾಣಿಗಳಿಗೆ ವಿಷವಿಡುವುದನ್ನು ನಿಲ್ಲಿಸಿದರು. ಕುರಿಯವರು ಕಂಗೆಟ್ಟು ಬೇರೆ ದಾರಿ ಹುಡುಕುತ್ತಿದ್ದಾಗ ಮ್ಯಾಸಚೂಸೆಟ್ಸಿನ ಹ್ಯಾಂಪ್‌ಶೈರ್ ಕಾಲೇಜಿನ ಕಾಪಿಂಜರ್ ದಂಪತಿ ಯುರೋಪು, ಟರ್ಕಿಗಳಿಂದ ನಾಯಿಗಳನ್ನು ತರಿಸಿ, ಅವುಗಳ ಮರಿಗಳನ್ನು ರೈತರಿಗೆ ಹಂಚಿ ಪರೀಕ್ಷಿಸಿದರು. ಕುರಿಗಳ ನಡುವೆಯೇ ಬೆಳೆದ ಮರಿ ಕುರಿಗಳನ್ನೇ ತನ್ನವರೆಂದುಕೊಳ್ಳುತ್ತದೆ. ಹುಟ್ಟಿ ನಾಲ್ಕು ತಿಂಗಳೊಳಗೆ ಆ ನಂಟು ಬೆಳೆಯದಿದ್ದರೆ ಆಮೇಲೆ ಬೆಳೆಯುವುದು ಕಷ್ಟ. ಇಷ್ಟು ಹೇಳಿ ಮುಗಿಸುವ ಹೊತ್ತಿಗೆ ಲೋಟದ ಐಸೆಲ್ಲ ಕರಗಿರುತ್ತದೆ.

ಇವರೆದುರು ಅಪ್ಪಿತಪ್ಪಿಯೂ ಆಡಬಾರದ ಮಾತು ಅನಟೋಲಿಯನ್ ಶೆಫರ್ಡ್. ಅದೂ ಟರ್ಕಿಯದೇ, ಅದೂ ಕುರಿ ಕಾಯುವುದೇ. ಹೊರಗಿನವರ ಕಣ್ಣಿಗೆ ಎರಡೂ ಒಂದೇ ಥರ, ಕಪ್ಪು ಮೂತಿ, ಸುರುಳಿ ಬಾಲ. ಆದರೆ ನಮ್ಮಲ್ಲಿ ಎರಡು ಒಳಪಂಗಡದವರ ನಡುವೆ ಸಂಬಂಧದ ಮಾತೆತ್ತಿದರೆ ಹಿರಿಯರ ಮುಖ ಹೇಗಾಗುತ್ತದೋ ಇವರ ಮುಖವೂ ಹಾಗೇ ಆಗುತ್ತದೆ. ಯುನೈಟೆಡ್ ಕೆನಲ್ ಕ್ಲಬ್ 1998ರಲ್ಲಿ ಕಂಗಾಲನ್ನು ಪ್ರತ್ಯೇಕ ತಳಿಯೆಂದು ಒಪ್ಪಿದ್ದು ಇವರ ಪಾಲಿಗೆ ಸ್ವಾತಂತ್ರ್ಯ ದಿನ. 2018ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಸಿಐ ತನ್ನ ಪಟ್ಟಿಯಿಂದ ಅನಟೋಲಿಯನ್ ಎಂಬ ಹೆಸರು ಹೊಡೆದು ಕಂಗಾಲ್ ಎಂದು ಬರೆದಾಗ ನಾಯಿಗಳಿಗೆಲ್ಲ ಕುರಿಮಾಂಸದ ಔತಣವಾಯಿತಂತೆ. ಯಾರ ಕುರಿ ಎಂದು ಯಾರೂ ಕೇಳಲಿಲ್ಲ.

ಕುರಿಗಳ ವಿಚಾರ ಬಂತು, ಹೇಳಿಬಿಡುತ್ತೇನೆ. ಮೊದಲು ಇವರಿಗೆ ಕುರಿಯೇ ಇರಲಿಲ್ಲ. ನಾಯಿ ಬಂತು, ನಾಯಿಗೆ ಕೆಲಸವಿಲ್ಲವಲ್ಲ ಎಂದು ಕುರಿ ಬಂದವು, ಕುರಿಗೆ ಹುಲ್ಲು ಬೇಕೆಂದು ಪಕ್ಕದ ಜಮೀನು ಬಂತು, ಜಮೀನಿಗೆ ಬೇಲಿಯಾಯಿತು, ಬೇಲಿಗೆ ಸಾಲವಾಯಿತು. ಈ ಲೆಕ್ಕ ಹೇಳಿದವರು ಅವರ ಹೆಂಡತಿ. ಅವರು ಊರಿನ ಶಾಲೆಯಲ್ಲಿ ಕೆಲಸ ಮಾಡುತ್ತಾರೆ; ನಾಯಿಗಳಿಗೆ ಊಟ ಹಾಕುತ್ತಿರುವುದು ಆ ಸಂಬಳ.

ಮರಿ ಬೇಕೆಂದು ಬರುವವರಲ್ಲಿ ಅರ್ಧದಷ್ಟು ಜನ ಗೇಟಿನಲ್ಲೇ ಉದುರುತ್ತಾರೆ. "ಇದರ ಕಚ್ಚುವ ಬಲ 743 ಅಂತೆ ಹೌದಾ ಸಾರ್?" ಎಂದ ಹುಡುಗ ಕಾರಿನಿಂದ ಇಳಿಯಬೇಕಾಗಿಯೇ ಇಲ್ಲ. "ಯಾವ ಪುಣ್ಯಾತ್ಮ ಯಾವ ನಾಯಿಯ ಬಾಯಿಗೆ ತಕ್ಕಡಿ ಕಟ್ಟಿ ತೂಗಿದ?" ಎಂದು ತಳಿಯಪ್ಪನವರೇ ಬೊಗಳಿ ಕಳಿಸುತ್ತಾರೆ. ಮಕ್ಕಳ ಜೊತೆ ಚೆಂಡಾಡಲಿ ಎನ್ನುವವರಿಗೆ ಒಂದಿಷ್ಟು ಕನಿಕರ ಸಿಗುತ್ತದೆ. ಕಂಗಾಲ್ ಚೆಂಡು ತಂದುಕೊಡುವುದಿಲ್ಲ. ನೀವು ಎಸೆದದ್ದು ನಿಮಗೆ ಬೇಡವಾಗಿಯೇ ಎಂದುಕೊಂಡು ಮಲಗುತ್ತದೆ.

ನನ್ನ ಸೋದರಳಿಯ ಆಸ್ಟಿನ್ನಿನಲ್ಲಿ ಸಾಫ್ಟ್‌ವೇರಿನವನು. ಊರ ಹೊರಗೆ ಒಂದಿಷ್ಟು ಎಕರೆ ಕೊಂಡು ಮೇಕೆ ಬಿಟ್ಟಿದ್ದ. ಪ್ರಾಣಿಪ್ರೀತಿ ಎಂದೇನೂ ಅಲ್ಲ; ಟೆಕ್ಸಾಸಿನಲ್ಲಿ ಜಮೀನು ಸಾಗುವಳಿಯಲ್ಲಿದ್ದರೆ ತೆರಿಗೆ ಇಳಿಯುತ್ತದೆ, ಮೇಕೆ ಸಾಕಿದರೂ ಸಾಗುವಳಿಯೇ. ಈ ಏರ್ಪಾಡು ತೋಳದ ಜಾತಿಯ ಕಯೋಟಿಗಳಿಗೆ ತಿಳಿದಿರಲಿಲ್ಲ, ಎರಡು ಮೇಕೆ ಹೊತ್ತೊಯ್ದವು. "ಮಾವ, ನೀವೂ ಬನ್ನಿ, ನಿಮಗೆ ಕುರಿ ವಿಚಾರ ಗೊತ್ತಲ್ಲ" ಎಂದು ಮರಿ ಕೇಳಲು ನನ್ನನ್ನೂ ತಳಿಯಪ್ಪನವರಲ್ಲಿಗೆ ಎಳೆದುಕೊಂಡು ಹೋದ.

"ಬೇಲಿ ಎಷ್ಟು ಎತ್ತರ?"

"ಐದಡಿ."

"ರಾತ್ರಿಯಿಡೀ ಬೊಗಳುತ್ತದೆ, ಗೊತ್ತೋ?"

"ಟ್ರೈನಿಂಗ್ ಕೊಟ್ಟು ನಿಲ್ಲಿಸಬಹುದಲ್ವಾ?"

ತಳಿಯಪ್ಪನವರು ಪೆನ್ನು ಕೆಳಗಿಟ್ಟರು. "ತಮ್ಮಾ, ಈ ನಾಯಿ ಕಚ್ಚಿ ಗೆಲ್ಲುವುದು ಅಪರೂಪ. ನಾನಿಲ್ಲಿದ್ದೇನೆ, ನೀನು ಬೇರೆ ಕಡೆ ಹೋಗು ಎಂದು ಬೊಗಳಿ ಬೊಗಳಿಯೇ ಕಯೋಟಿಯನ್ನು ದೂರ ಇಡುತ್ತದೆ. ಬೊಗಳುವುದು ಬೇಡವಾದರೆ ಕಯೋಟಿಗೇ ಟ್ರೈನಿಂಗ್ ಕೊಡು."

ಆಮೇಲೆ ಹೆಂಡತಿ ಒಪ್ಪಿದ್ದಾಳೋ, ಕೆಲಸ ಹೋದರೆ ಏನು ಗತಿ, ವರ್ಷಕ್ಕೊಮ್ಮೆ ಇಂಡಿಯಾಕ್ಕೆ ಹೋದಾಗ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗಳು. ನನ್ನ ಅಳಿಯನಿಗೆ ಹೆಣ್ಣು ಕೊಟ್ಟ ಬೀಗರು ಕೂಡ ಇಷ್ಟು ಕೇಳಿರಲಿಲ್ಲ. ಎರಡು ವರ್ಷ ತುಂಬುವವರೆಗೆ ಇದನ್ನು ನಾಯಿ ಎಂದು ನಂಬಬೇಡಿ, ಹರೆಯದಲ್ಲಿ ಆಟವೆಂದು ಮೇಕೆಮರಿಯ ಕಿವಿ ಜಗಿಯುತ್ತದೆ, ಆಗ ಬೈದು ವಾಪಸು ತರುವ ಜಾತಿ ನೀವಲ್ಲ ತಾನೆ ಎಂದೂ ಕೇಳಿದರು. ಯಾವ ವಯಸ್ಸಿನಲ್ಲಿ ಬೇಡವೆಂದರೂ ನಾಯಿ ಮರಳಿ ತಮಗೇ ಬರಬೇಕು, ಬೇರೆಯವರ ಕೈಗೆ ಹೋಗಕೂಡದು ಎಂದು ಕರಾರಿನಲ್ಲೇ ಬರೆಸಿದರು. ಇದೊಂದು ಮಾತ್ರ ನನಗೆ ಮೆಚ್ಚುಗೆಯಾಯಿತು. ಐವತ್ತು ಅರವತ್ತು ಕಿಲೋ ತೂಗುವ ಬೇಡವಾದ ನಾಯಿಗೆ ಆಶ್ರಯ ಸಿಗುವುದು ಹುಡುಗಾಟವಲ್ಲ.

ನಮ್ಮ ಮಾವ ಶಿರಾ ಕಡೆಯವರು, ಅವರ ಮನೆಯಲ್ಲೂ ಕುರಿ ಇದ್ದವು ಎಂದು ಅಳಿಯ ಹೇಳಿದ್ದೇ ತಡ, ತಳಿಯಪ್ಪನವರು ಕುರ್ಚಿ ನನ್ನ ಕಡೆ ತಿರುಗಿಸಿಕೊಂಡರು.

"ಕಾವಲಿಗೆ ಯಾವ ತಳಿ?"

"ಹಟ್ಟಿ ನಾಯಿ."

"ವಂಶಾವಳಿ?"

"ತಾಯಿ ಗೊತ್ತು."

"ಊಟ?"

"ರಾಗಿಮುದ್ದೆ."

ಅದನ್ನೂ ಬರೆದುಕೊಂಡರು. "ಮರಿಗೆ ಎಷ್ಟು ತೆಗೆದುಕೊಳ್ಳುತ್ತೀರಿ?"

"ಮಾರುವುದೆಲ್ಲಿ ಬಂತು ಸ್ವಾಮಿ? ಯಾರಾದರೂ ಕೇಳಿದರೆ ಕೊಟ್ಟುಬಿಡ್ತೀವಿ."

"ಕೇಳಿದವರಿಗೆಲ್ಲ?" ಅವರ ಕೈಯಲ್ಲಿದ್ದ ಲೋಟ ಅಲುಗಿತು. ಹೆಂಡತಿ ಅಡುಗೆಮನೆಯಿಂದ ಇಣುಕಿ, ನನ್ನನ್ನು ಬಹಳ ಗೌರವದಿಂದ ನೋಡಿದರು.

ಕೊನೆಗೆ ಮರಿ ಸಿಕ್ಕಿತು, ಹನ್ನೆರಡು ವಾರದ್ದು, ಕುರಿಗಳ ನಡುವೆ ಬೆಳೆದದ್ದು. ತಾಯಿತಂದೆಗಳ ಸೊಂಟದ ಎಕ್ಸ್‌ರೇ, ವಂಶಪತ್ರ, ಕರಾರು ಎಲ್ಲ ಸೇರಿದ ದಪ್ಪ ಫೈಲು ಮರಿಗಿಂತ ಮೊದಲು ಕಾರು ಹತ್ತಿತು. ತಳಿಯಪ್ಪನವರು ಗೇಟು ಮುಚ್ಚುವ ಮುನ್ನ, ಇಷ್ಟು ಕಡಿಮೆ ಮೇಕೆಗಳಿಗೆ ಈ ನಾಯಿ ಹೆಚ್ಚಾಯಿತು, ಇನ್ನೊಂದಿಷ್ಟು ತಂದುಕೋ ಎಂದರು. ಅಳಿಯ ತಂದ.

ಆಮೇಲೆ ಫೋನುಗಳು ಶುರುವಾದವು. ಒಂದು ರಾತ್ರಿ ನಾನೇ ಎತ್ತಿಕೊಂಡೆ.

"ಬೊಗಳುತ್ತಿದೆಯೋ?"

"ಬೊಗಳುತ್ತಿದೆ. ಪಕ್ಕದ ಮನೆಯವರು ನಿದ್ದೆಯಿಲ್ಲ ಎಂದು ಎರಡು ಸಲ ಬಂದು ಹೋದರು."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು: "ಅವರಿಗೆ ಬೇಲಿ ಇದೆಯೇ? ಇದ್ದರೆ ಕಾಯುವವರ ಪಟ್ಟಿಗೆ ಹೆಸರು ಕೊಡಲಿ. ಕೊಟ್ಟೇಬಿಡುತ್ತೇನೆ ಎಂದು ಮಾತ್ರ ಹೇಳಬೇಡಿ."