ಪ್ರಾಥಮಿಕ ಶಾಲಾ ಸುಂಟರಗಾಳಿ ಮೀಮಾಂಸೆ

ಶಾಲೆ ಅಂದಮೇಲೆ ಮ್ಯಾಸ್ಕಾಟ್, ಅಂದರೆ ವೇಷ ತೊಟ್ಟು ಕುಣಿಯುವ ಲಾಂಛನ, ಇರಲೇಬೇಕೆಂಬುದು ಅಮೆರಿಕದಲ್ಲಿ ಸ್ವತಃಸಿದ್ಧ. ಅದಕ್ಕೆ ಪ್ರಮಾಣ ಕೇಳುವವನು ನಾಸ್ತಿಕ. ಹುಲಿ, ಕರಡಿ, ಹದ್ದುಗಳನ್ನು ಈ ಪ್ರಬಂಧ ಕೈಬಿಟ್ಟಿದೆ. ಅವಕ್ಕೆ ಕಿವಿಯೋ ಕೊಕ್ಕೋ ಇರುತ್ತದೆ, ದರ್ಜಿಗೆ ತೊಂದರೆಯಿಲ್ಲ. ನಮ್ಮ ಜಿಜ್ಞಾಸೆ ಇಷ್ಟೇ: ಅಲ್ಲಿನ ಬಯಲುಸೀಮೆಯ ಪ್ರಾಥಮಿಕ ಶಾಲೆಯೊಂದು ತನ್ನ ಮಕ್ಕಳನ್ನು 'ಟೊರ್ನೇಡೋಸ್', ಅಂದರೆ ಸುಂಟರಗಾಳಿಗಳು, ಎಂದು ಕರೆದರೆ, ಆ ಟೊರ್ನೇಡೊಗೆ ಕಾಲು ಎಲ್ಲಿಂದ ಬರಬೇಕು?

ಪೂರ್ವಪಕ್ಷದವರು ಬೂದುಬಣ್ಣದ ಸ್ಪಂಜಿನ ಲಾಳಿಕೆಯೊಂದನ್ನು ಹೊಲಿಸಿ, ಕಣ್ಣು, ಹಲ್ಲು ಅಂಟಿಸಿ, ಒಳಗೆ ಪಿ.ಟಿ. ಮೇಷ್ಟ್ರನ್ನು ನಿಲ್ಲಿಸಿದರು. ದೋಷ ಕೂಡಲೇ ಕಾಣುತ್ತದೆ. ಲಾಳಿಕೆ ಕಿರಿದಾಗುವುದೇ ಕಾಲಿನ ಹತ್ತಿರ. ಟೊರ್ನೇಡೊ ಅಳೆಯುವ ಮಾಪಕದಲ್ಲಿ ಗಂಟೆಗೆ 322 ಕಿ.ಮೀ. ದಾಟಿದ ಗಾಳಿಗೆ ಇ.ಎಫ್.-5 ಎಂಬ ಪರಮಪದವಿ. ಮೇಷ್ಟ್ರೋ, ಸೀರೆ ನೆರಿಗೆ ತೊಡರಿದವರಂತೆ ಗೇಣು ಗೇಣು ಸರಿಯುತ್ತ ಜಿಮ್ಮಿನ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತಾರೆ.

ಸಿದ್ಧಾಂತಕ್ಕೆ ಅಯೋವಾ ಆಧಾರ. 1895ರಲ್ಲಿ ಅಲ್ಲಿನ ಕಾಲೇಜು ಹುಡುಗರು ನಾರ್ತ್‌ವೆಸ್ಟರ್ನ್ ತಂಡವನ್ನು ಫುಟ್ಬಾಲಿನಲ್ಲಿ 36–0 ಅಂತರದಿಂದ ಬಡಿದಾಗ ಶಿಕಾಗೋದ ಪತ್ರಿಕೆ ಅವರನ್ನು ಸೈಕ್ಲೋನ್‌ಗೆ ಹೋಲಿಸಿತು, ಹೆಸರು ಅಂಟಿಕೊಂಡಿತು. 1954ರಲ್ಲಿ ವೇಷ ಮಾಡಿಸಹೊರಟಾಗ ಮಾತ್ರ ಗಾಳಿಗೆ ಹತ್ತಿ ತುಂಬುವುದು ಹೇಗೆಂದು ಯಾರಿಗೂ ಹೊಳೆಯಲಿಲ್ಲ. ಕಾರ್ಡಿನಲ್ ಎಂಬ ಕೆಂಪು ಹಕ್ಕಿಯನ್ನು ತಂದು 'ಸೈ' ಎಂದು ಹೆಸರಿಟ್ಟರು, ಊರೂ ಸೈ ಅಂದಿತು. ಮಯಾಮಿ ವಿಶ್ವವಿದ್ಯಾಲಯದ ತಂಡ ಹರಿಕೇನ್ಸ್, ಕುಣಿಯುವುದು ಐಬಿಸ್ ಹಕ್ಕಿ. ಓಕ್ಲಹೋಮ ಸಿಟಿಯ ಬಾಸ್ಕೆಟ್‌ಬಾಲ್ ತಂಡ ಥಂಡರ್, ಕುಣಿಯುವುದು ಕಾಡೆಮ್ಮೆ. ಆದ್ದರಿಂದ ಹವಾಮಾನವೆಲ್ಲ ಕಾಲಕ್ರಮದಲ್ಲಿ ಪ್ರಾಣಿಯೋನಿಯಲ್ಲಿ ಹುಟ್ಟಿಯೇ ತೀರುತ್ತದೆ ಎಂದಾಯಿತು. (ಮಂಜಿನ ಪುನರ್ಜನ್ಮದ ಬಗ್ಗೆ ಪಂಡಿತರಲ್ಲಿ ಜಗಳವಿದೆ.)

ಇನ್ನು 'ಸ್ಕೂಲ್ ಸ್ಪಿರಿಟ್', ಅಂದರೆ ಶಾಲಾಭಿಮಾನ. ಇದು ವಾರದ ದಿನಗಳನ್ನು ಅನುಸರಿಸಿ ಏರುವ ಜ್ವರ: ಒಂದು ದಿನ ಹುಚ್ಚು ತಲೆಗೂದಲು, ಇನ್ನೊಂದು ದಿನ ಒಂದಕ್ಕೊಂದು ಹೊಂದದ ಕಾಲುಚೀಲ, ಮತ್ತೊಂದು ದಿನ ಪೈಜಾಮ. ಮಗುವನ್ನು ರಾತ್ರಿಯುಡುಪಿನಲ್ಲೇ ಕಳಿಸಿ ಎಂದು ಟೀಚರೇ ಬರೆದ ಚೀಟಿಯನ್ನು ಅಲ್ಲಿನ ಕನ್ನಡದ ಅಮ್ಮಂದಿರು ಎರಡೆರಡು ಸಲ ಓದುತ್ತಾರೆ. ಶುಕ್ರವಾರ ಜಿಮ್ಮಿನ ಸಭೆಯಲ್ಲಿ ಜ್ವರ ನೆತ್ತಿಗೇರುತ್ತದೆ. "ನಾವ್ಯಾರು?" ಎಂದು ಪ್ರಿನ್ಸಿಪಾಲರು ಮೈಕಿನಲ್ಲಿ ಕೂಗುತ್ತಾರೆ. "ಟೊರ್ನೇಡೋಸ್!" ಎಂದು ಒಂದನೇ ಕ್ಲಾಸಿನವು ಕೈ ಚಾಚಿ ಗಿರಗಿರನೆ ಸುತ್ತಿ, ತಲೆತಿರುಗಿ, ಒಂದರ ಮೇಲೊಂದು ಬೀಳುತ್ತವೆ. ಪ್ರಕೃತ ವಿಷಯದಲ್ಲಿ ಇದಕ್ಕಿಂತ ನಿಖರವಾದ ಪ್ರಾತ್ಯಕ್ಷಿಕೆ ನಮಗೆ ಸಿಕ್ಕಿಲ್ಲ.

ಅದೇ ಶಾಲೆಯಲ್ಲಿ ಟೊರ್ನೇಡೊ ಡ್ರಿಲ್ ಕೂಡ ಇದೆ. ಗಂಟೆ ಬಾರಿಸಿದೊಡನೆ ಅದೇ ಟೊರ್ನೇಡೋಗಳು ಸಾಲಾಗಿ, ಕಿಟಕಿಯಿಲ್ಲದ ಒಳ ಓಣಿಗೆ ಬಂದು, ಗೋಡೆಗೆ ಮುಖಮಾಡಿ ಮಂಡಿಯೂರಿ, ಕುತ್ತಿಗೆಯ ಮೇಲೆ ಕೈ ಹೆಣೆದು ಟೊರ್ನೇಡೊದಿಂದ ಅಡಗುತ್ತವೆ. ಗೋಡೆಯಲ್ಲಿ ಹಲ್ಲು ಕಿರಿದ ಸುಂಟರಗಾಳಿಯ ಚಿತ್ರ, ಕೆಳಗೆ 'ಸುಸ್ವಾಗತ'. ಇದು ವ್ಯಾಘಾತ ದೋಷವೆಂದು ನೈಯಾಯಿಕರು ಆಕ್ಷೇಪಿಸಬಹುದು. ಮಕ್ಕಳು ಆಕ್ಷೇಪಿಸಿಲ್ಲ, ಅವಕ್ಕೆ ಗಣಿತದ ಪೀರಿಯಡ್ ತಪ್ಪಿದ ಸಂತೋಷ.

ಡ್ರಿಲ್ ಗಂಟೆ ಶುಕ್ರವಾರವೇ ಹೊಡೆದರೆ ಲಾಳಿಕೆಯೊಳಗಿನ ಮೇಷ್ಟ್ರು ಏನು ಮಾಡಬೇಕೆಂಬುದಕ್ಕೆ ವಿಧಿವಾಕ್ಯವಿಲ್ಲ. ಸ್ಪಂಜು ಮಂಡಿ ಮಡಚಲು ಬಿಡದು. ಅವರನ್ನು ಅಡ್ಡ ಮಲಗಿಸಿ ಉರುಳಿಸಿಕೊಂಡು ಓಣಿಗೆ ತರತಕ್ಕದ್ದೆಂದು ನಮ್ಮ ಮತ.