ಕುಕ್ಕುಟ ಸಂಧಿ ಮೀಮಾಂಸೆ

ಶರೀರಶಾಸ್ತ್ರದ ಗ್ರಂಥಗಳೆಲ್ಲ ಮನುಷ್ಯನ ಅಸ್ಥಿಪಂಜರದಿಂದ ಶುರುವಾಗುವುದು ನ್ಯಾಯವಲ್ಲ. ಮನುಷ್ಯನ ಕೀಲನ್ನು ಬಿಚ್ಚಿ ನೋಡಿದವರು ಡಾಕ್ಟರುಗಳು ಮಾತ್ರ. ಕೋಳಿಯದನ್ನು ನೋಡದವರು ನಮ್ಮ ಸೀಮೆಯಲ್ಲಿ ಸಸ್ಯಾಹಾರಿಗಳು ಮಾತ್ರ. ಆದ್ದರಿಂದ ಪ್ರಸ್ತುತ ಮೀಮಾಂಸೆಯ ಅಧ್ಯಯನಕ್ಷೇತ್ರ ಬಾಡೂಟದ ಪಂಕ್ತಿ. ಉಪಕರಣ ಬಲಗೈ, ಉಪೋಪಕರಣ ಹಲ್ಲು. ಎಡಗೈ ಬಳಕೆ ಸಂಶೋಧನಾ ನೀತಿಗೆ ನಿಷಿದ್ಧ.

ಕೀಲುಗಳಲ್ಲಿ ಮೂರು ಜಾತಿ. ಅಲುಗದ್ದು ತಲೆಬುರುಡೆಯ ಹೊಲಿಗೆ. ತಲೆ ಎಲೆಯವರೆಗೆ ಬಾರದ ಕಾರಣ ಪರಾಮರ್ಶೆಗೆ ಸಿಕ್ಕಿಲ್ಲ. ತುಸುವೇ ಅಲುಗುವುದು ಮನುಷ್ಯನ ಬೆನ್ನುಮೂಳೆಯ ಬಿಲ್ಲೆ. ಕೋಳಿ ಈ ರಗಳೆಯೇ ಬೇಡವೆಂದು ಬೆನ್ನು, ಸೊಂಟಗಳ ಹಲವು ಕಶೇರುಗಳನ್ನು ಬೆಸೆದುಕೊಂಡು ಕೂತಿದೆ; ಸೊಂಟನೋವೆಂದು ಅದು ರಜೆ ಹಾಕಿದ ದಾಖಲೆಯಿಲ್ಲ. ಕತ್ತಿನಲ್ಲಿ ಮಾತ್ರ ಧಾರಾಳಿ. ನಮಗೂ ಜಿರಾಫೆಗೂ ಅಲ್ಲಿ 7 ಕಶೇರು, ಕೋಳಿಗೆ ಅದರ ಸುಮಾರು ಎರಡರಷ್ಟು. ಕತ್ತಿನ ಪೀಸು ಬಿದ್ದವನ ಮುಖ ಯಾಕೆ ಸಣ್ಣಗಾಗುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಮೂರನೆಯದು ರಸ ತುಂಬಿದ ಕೀಲು. ಇದರ ಪರಮಾಚಾರ್ಯ ಕೋಳಿ ಅಂಗಡಿಯ ಹುಡುಗ. ಅವನು ತೊಡೆಮೂಳೆಯನ್ನು ಕಡಿಯುವುದಿಲ್ಲ. ತೊಡೆಯನ್ನು ಹೊರಕ್ಕೆ ತಿರುಚುತ್ತಾನೆ. ಟಕ್ ಎಂದು ಗುಂಡು ಬಟ್ಟಲಿನಿಂದ ಕಳಚಿ ಬರುತ್ತದೆ, ಬೆಳ್ಳಗೆ, ನುಣ್ಣಗೆ, ಒದ್ದೆ ಹೊಳಪಿನಲ್ಲಿ. ಆಮೇಲೆ ಚಾಕು ಆ ಸಂದಿನಲ್ಲಿ ಸುಮ್ಮನೆ ಜಾರುತ್ತದೆ. ಹೊಳೆದದ್ದು ಮೃದ್ವಸ್ಥಿ. ಕೋಳಿಯ ಮೊಣಕಾಲು ಹಿಂದಕ್ಕೆ ಮಡಚುತ್ತದೆಂಬ ಲೋಕಪ್ರಸಿದ್ಧ ಮತವನ್ನು ಇಲ್ಲಿಯೇ ಖಂಡಿಸಿಬಿಡುತ್ತೇವೆ: ಅದು ಪಾದದ ಗಂಟು. ನಿಜವಾದ ಮೊಣಕಾಲು ಪುಕ್ಕದ ಮರೆಯಲ್ಲಿ ಮರ್ಯಾದೆಯಿಂದ ನಮ್ಮಂತೆಯೇ ಮಡಚಿಕೊಳ್ಳುತ್ತದೆ.

ಇನ್ನು ಮುಖ್ಯ ವಿವಾದ. ಲೆಗ್ ಪೀಸಿನ ತುದಿಯ ಮೆದು ಭಾಗ ಮೂಳೆಯೋ, ಬಾಡೋ?

ಪೂರ್ವಪಕ್ಷ: ಮೂಳೆ, ಎಲೆಯ ಬದಿಗಿಡತಕ್ಕದ್ದು.

ಸಿದ್ಧಾಂತ: ಕರುಂ ಎಂದದ್ದೆಲ್ಲ ಖಾದ್ಯ.

ಕೀಲಿನ ಮುಖಕ್ಕೆ ಹೊದಿಸಿದ ಮೃದ್ವಸ್ಥಿಗೆ ರಕ್ತನಾಳವಿಲ್ಲ, ನರವಿಲ್ಲ. ಕೀಲಿನ ರಸದಿಂದ ಜಿನುಗಿ ಬಂದದ್ದೇ ಅದರ ಊಟ. ರಕ್ತವೇ ಇಲ್ಲವೆಂದ ಮೇಲೆ ಶನಿವಾರವೂ ತಿನ್ನಬಹುದೆಂದು ಪಂಕ್ತಿಯಲ್ಲೊಬ್ಬ ಉಪಸಿದ್ಧಾಂತ ಹೂಡಿದ. ಅವನ ಹೆಂಡತಿ ಒಂದು ಸಲ ತಿರುಗಿ ನೋಡಿದ್ದರಿಂದ ಆ ಮತ ಅಲ್ಲಿಗೇ ಬಿದ್ದುಹೋಯಿತು.

ಆದರೆ ಸಿದ್ಧಾಂತ ಎಲ್ಲ ಕೋಳಿಗೂ ಒಪ್ಪದು. ಫಾರಂ ಕೋಳಿ ಸುಮಾರು 6 ವಾರಕ್ಕೇ ಸಾರಾಗುತ್ತದೆ. ಅಷ್ಟರಲ್ಲಿ ಅದರ ಮೂಳೆಯ ತುದಿ ಇನ್ನೂ ಮೂಳೆಯಾಗಿ ಮುಗಿದಿರುವುದಿಲ್ಲ, ಅದಕ್ಕೇ ಕರುಂಕುರುಂ. ತಿಂಗಳುಗಟ್ಟಲೆ ಬೀದಿ ಕೆದಕಿದ ನಾಟಿ ಹುಂಜದಲ್ಲಿ ಅದೆಲ್ಲ ಗಟ್ಟಿಯಾಗಿ, ಮೇಲೊಂದು ತೆಳು ಪದರವಷ್ಟೇ ಉಳಿದಿರುತ್ತದೆ. ಅಲ್ಲಿ ಸಿದ್ಧಾಂತ ನಂಬಿದವನ ದವಡೆಹಲ್ಲಿಗೆ ಮೀಮಾಂಸೆ ಹೊಣೆಯಲ್ಲ. ಬಲ್ಲವರು ಕೊಳ್ಳುವಾಗಲೇ ಎದೆಮೂಳೆಯ ತುದಿ ಒತ್ತಿ ನೋಡುತ್ತಾರೆ. ಬಾಗಿದರೆ ಎಳೆಯದು, ಬಾಗದಿದ್ದರೆ ಕುಕ್ಕರಿಗೆ ಇನ್ನೆರಡು ವಿಷಲ್.

ಹಲ್ಲಿಲ್ಲದ ತಾತಂದಿರು ಎರಡೂ ಪಕ್ಷಕ್ಕೆ ಸೇರದೆ, ಕೀಲನ್ನು ಬೇಯಿಸಿ ಬೇಯಿಸಿ ಸಾರಿಗೇ ಇಳಿಸಬೇಕೆನ್ನುತ್ತಾರೆ. ಇವರ ವಾದಕ್ಕೆ ಬಲವಿದೆ: ಕೀಲಿನ ಕೊಲಾಜೆನ್ ಕಾವಿಗೆ ಜೆಲಟಿನ್ ಆಗುತ್ತದೆ, ಕಾಲು ಸೂಪು ಆರಿದ ಮೇಲೆ ಪಾತ್ರೆಯಲ್ಲಿ ಗಡಗಡ ನಡುಗುವುದು ಅದರಿಂದಲೇ. ಕುರಿ ಕಾಲನ್ನು ಕುರಿತ ಎರಡನೆಯ ಸಂಪುಟದಲ್ಲಿ ಇದರ ವಿಸ್ತಾರವಿದೆ. ಶ್ರಾವಣ ಮುಗಿಯುವವರೆಗೆ ಕ್ಷೇತ್ರಕಾರ್ಯ ಸ್ಥಗಿತ.